ನಮ್ಮ ಸಪೋರ್ಟ್ ತಂತ್ರಜ್ಞರು ಹೊರಡುತ್ತಿದ್ದಾರೆ: ಹಸ್ತಾಂತರ ಹೇಗೆ, ಬೀಳ್ಕೊಡುಗೆ ಹೇಗೆ?

(ವೇದಿಕೆಯ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಇಲಿಬಾಲ

ಕಚೇರಿಯಲ್ಲಿ ಸುಮಾರು 80 ಕಂಪ್ಯೂಟರು, 2 ಸರ್ವರು, 6 ಪ್ರಿಂಟರು. ಇಷ್ಟನ್ನೂ ನೋಡಿಕೊಳ್ಳುವವರು ಒಬ್ಬರೇ ಸಪೋರ್ಟ್ ತಂತ್ರಜ್ಞರು. ಇನ್ನು 4 ವಾರಕ್ಕೆ ಬೇರೆ ಕೆಲಸಕ್ಕೆ ಹೊರಡುತ್ತಾರೆ. ಅವರ ಜಾಗಕ್ಕೆ ಬರುವವರು 2ನೇ ವಾರ ಸೇರುತ್ತಾರೆ. ಬೀಳ್ಕೊಡುಗೆ, ಹಸ್ತಾಂತರ ಎರಡರ ಹೊಣೆಯೂ ಒಂದೇ ಸಣ್ಣ ತಂಡದ ಮೇಲಿದೆ.

ಕೇಳಬೇಕಾದ್ದು ಎರಡು. ಅವರ ತಲೆಯಲ್ಲಿರುವುದನ್ನು ಯಾವ ಕ್ರಮದಲ್ಲಿ ಬರೆದಿಟ್ಟುಕೊಳ್ಳಬೇಕು? ಒಂದು ಭಾಷಣ, ಒಂದು ಫೋಟೋಗೆ ಮುಗಿಸದೆ ಅವರ ಕೆಲಸಕ್ಕೆ ತಕ್ಕ ಹಾಗೆ ಬೀಳ್ಕೊಡುವುದು ಹೇಗೆ? ಅವರು ಮಾಡಿದ್ದರಲ್ಲಿ ಬಹುಪಾಲು ಯಾರ ಕಣ್ಣಿಗೂ ಬಿದ್ದಿಲ್ಲ. ಕಷ್ಟ ಇರುವುದೇ ಅಲ್ಲಿ.

ಪ್ಯಾಚ್‌ಪ್ಯಾನೆಲ್

ಎರಡೂ ಪ್ರಶ್ನೆಗೆ ಬೇರು ಒಂದೇ. ಕೊನೆಯ ದಿನ 4 ಗಂಟೆಗೆ ಸಮಾರಂಭ, 3:45ರವರೆಗೂ ಅವರ ಸುತ್ತ ಪಾಸ್‌ವರ್ಡ್ ಕೇಳುವವರ ಗುಂಪು ಅಂದರೆ ಅಲ್ಲಿ ಆಡುವ ಒಳ್ಳೆಯ ಮಾತು ಯಾವುದೂ ಅವರ ಕಿವಿಗೆ ಇಳಿಯುವುದಿಲ್ಲ. ಕೊನೆಯ ದಿನಕ್ಕಿಂತ 3 ಕೆಲಸದ ದಿನ ಮೊದಲೇ ಹಸ್ತಾಂತರ ಮುಗಿದಿರಬೇಕು. ಕ್ಯಾಲೆಂಡರಿನಲ್ಲಿ ಮೊದಲು ಆ ತಾರೀಖು ಗುರುತು ಹಾಕಿ, ಸಮಾರಂಭದ್ದು ಆಮೇಲೆ.

1ನೇ ವಾರ ಬರೀ ಪಟ್ಟಿ, ವಿವರಣೆ ಬೇಡ. ಯಾವ್ಯಾವ ಸಾಧನ, ಯಾವ್ಯಾವ ಸೇವೆ, ಯಾರ ಹೆಸರಲ್ಲಿ ನೋಂದಣಿ, ಯಾವಾಗ ನವೀಕರಣ. 2ನೇ ವಾರ ಹೊಸಬರು ಪಕ್ಕದಲ್ಲಿ ಕೂತು ನೋಡುತ್ತಾ ಬರೆದುಕೊಳ್ಳಲಿ. ಬರೆಯುವ ಕೆಲಸ ಹೊಸಬರದ್ದೇ ಆಗಿರಬೇಕು ಅನ್ನುವುದಕ್ಕೆ ಕಾರಣ ಇದೆ: ಪಳಗಿದ ಕೈಯವರು ಬರೆದರೆ, ತಮಗೆ ಸಹಜ ಅನ್ನಿಸುವ ಹೆಜ್ಜೆಗಳು ಬರಹದಲ್ಲಿ ಬಿಟ್ಟುಹೋಗುತ್ತವೆ. 'ಪ್ರಿಂಟ್ ಸ್ಪೂಲರ್ (ಮುದ್ರಣದ ಸರದಿ ನೋಡಿಕೊಳ್ಳುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿ' ಎಂದು ಬರೆದಿರುತ್ತಾರೆ. ಮೊದಲು ಸಿಕ್ಕಿಹಾಕಿಕೊಂಡ ಫೈಲನ್ನು ಸ್ಪೂಲ್ ಫೋಲ್ಡರಿನಿಂದ ತೆಗೆಯದಿದ್ದರೆ ಅದೇ ಫೈಲು ಮತ್ತೆ ಬಂದು ಸಾಲು ಕಟ್ಟಿಸುತ್ತದೆ ಅನ್ನುವುದು ಅವರ ಬೆರಳಿಗೆ ಗೊತ್ತು, ಕಾಗದಕ್ಕೆ ಬರುವುದಿಲ್ಲ.

3ನೇ ವಾರ ಅದಲು ಬದಲು. ಕೀಲಿಮಣೆ ಹೊಸಬರ ಕೈಯಲ್ಲಿ, ಹಳಬರು ಪಕ್ಕದಲ್ಲಿ ಸುಮ್ಮನೆ. ಬರೆದಿಟ್ಟದ್ದನ್ನು ಮಾತ್ರ ನೋಡಿಕೊಂಡು ಕೆಲಸ ಮಾಡಬೇಕು. ಹಳಬರು ಬಾಯಿ ತೆರೆಯಬೇಕಾಗಿ ಬಂದ ಪ್ರತಿ ಜಾಗದಲ್ಲೂ ಬರಹದಲ್ಲಿ ತೂತಿದೆ ಎಂದರ್ಥ, ಆಗಲೇ ತುಂಬಿಸಿ. 4ನೇ ವಾರದ ಹೊತ್ತಿಗೆ ಎಲ್ಲ ಟಿಕೆಟ್ಟೂ (ಬಳಕೆದಾರರ ದೂರು, ಕೋರಿಕೆಯ ದಾಖಲೆ) ಹೊಸಬರ ಹೆಸರಿಗೆ.

ಸರ್ವರ್‌ಕೋಣೆ

ಪಟ್ಟಿಯಲ್ಲಿ ಎಲ್ಲರೂ ಮರೆಯುವುದು ಯಾವುದೆಂದರೆ, ಅವರ ಸ್ವಂತ ಖಾತೆಯ ಹೆಸರಲ್ಲಿ ಓಡುತ್ತಿರುವ ಕೆಲಸಗಳು. ಒಬ್ಬರೇ ಇದ್ದ ಕಡೆ ಇದು ಇದ್ದೇ ಇರುತ್ತದೆ, ಅದು ಅವರ ತಪ್ಪೂ ಅಲ್ಲ. ತುರ್ತಿನಲ್ಲಿ ಕೆಲಸ ನಡೆಯಲಿ ಎಂದು ಸ್ವಂತ ಖಾತೆಯಲ್ಲಿ ಹಾಕಿದ್ದು ಹಾಗೇ ಉಳಿದುಬಿಡುತ್ತದೆ.

ಇದರ ತೊಂದರೆ ಖಾತೆ ಮುಚ್ಚಿದ ದಿನ ಕಾಣುವುದಿಲ್ಲ. ವಿಂಡೋಸ್ ಸರ್ವಿಸ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಒಮ್ಮೆ ಶುರುವಾದ ಮೇಲೆ, ಅದರ ಖಾತೆ ನಿಷ್ಕ್ರಿಯವಾದರೂ ಮುಂದಿನ ರೀಸ್ಟಾರ್ಟ್‌ವರೆಗೆ ಓಡುತ್ತಲೇ ಇರಬಹುದು. ತಿಂಗಳ ಅಪ್‌ಡೇಟ್ ಆಗಿ ಸರ್ವರ್ ಮರುಚಾಲನೆಯಾದ ರಾತ್ರಿ ಅದು ಏಳುವುದಿಲ್ಲ. ಅಷ್ಟರಲ್ಲಿ ಅವರು ಹೋಗಿ 3 ವಾರ ಆಗಿರುತ್ತದೆ, ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಈವೆಂಟ್ ಲಾಗಿನಲ್ಲಿ (ವಿಂಡೋಸ್ ತಾನೇ ಬರೆದಿಡುವ ಘಟನೆಗಳ ದಾಖಲೆ) 7038, 7000 ಸಂಖ್ಯೆಗಳು ಕಂಡರೆ ಇದೇ ಕಾರಣವೋ ಎಂದು ಮೊದಲು ನೋಡಿ.

ನೋಡಬೇಕಾದ ಜಾಗಗಳು: ಸರ್ವಿಸಸ್ ಪಟ್ಟಿಯಲ್ಲಿ 'ಲಾಗ್ ಆನ್ ಆಸ್' ಅಂಕಣ, ಟಾಸ್ಕ್ ಶೆಡ್ಯೂಲರ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವುದು), ಅದರಲ್ಲೂ 'ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡಿಸು' ಎಂದು ಗುರುತಿಸಿದವು, ಯಾಕೆಂದರೆ ಅವುಗಳಲ್ಲಿ ಪಾಸ್‌ವರ್ಡ್ ಉಳಿಸಿರುತ್ತದೆ, ಬ್ಯಾಕಪ್ ಸಾಫ್ಟ್‌ವೇರಿನ ಒಳಗಿನ ಲಾಗಿನ್, ಡೇಟಾಬೇಸ್ ಜಾಬುಗಳ ಮಾಲೀಕರು, ದೊಡ್ಡ ಪ್ರಿಂಟರುಗಳ 'ಫೋಲ್ಡರಿಗೆ ಸ್ಕ್ಯಾನ್' ಸೆಟ್ಟಿಂಗು. ಈ ಕೊನೆಯದನ್ನು 6 ಪ್ರಿಂಟರಿನಲ್ಲೂ ಒಂದೊಂದಾಗಿ ಹೋಗಿ ನೋಡಲೇಬೇಕು. ಪ್ರಿಂಟರ್ ಹಲವು ಸಲ ತಪ್ಪು ಪಾಸ್‌ವರ್ಡ್ ಎಂದು ಹೇಳುವುದಿಲ್ಲ, 'ಸಂಪರ್ಕ ವಿಫಲ' ಅಂದು ಸುಮ್ಮನಾಗುತ್ತದೆ, ಎಲ್ಲರೂ ಕೇಬಲ್ ಹುಡುಕುತ್ತಾರೆ.

ಇಲಿಬಾಲ

ಇವೆಲ್ಲ ಎಲ್ಲೆಲ್ಲಿವೆ ಎಂದು ಅವರಿಗೇ ನೆನಪಿಲ್ಲದಿದ್ದರೆ? ವರ್ಷಗಳ ಹಿಂದೆ ಹಾಕಿದ್ದು ನೆನಪಿರುವುದು ಯಾರಿಗೂ ಕಷ್ಟ.

ಸರ್ವರ್‌ಕೋಣೆ

ನೆನಪಿನ ಮೇಲೆ ಭಾರ ಹಾಕಬೇಡಿ, ಲಾಗನ್ನೇ ಕೇಳಿ. ಸೆಕ್ಯುರಿಟಿ ಲಾಗಿನಲ್ಲಿ 4624 ಎಂದರೆ ಯಶಸ್ವಿ ಲಾಗಿನ್. ಅವರ ಬಳಕೆದಾರ ಹೆಸರಿಗೆ ಸೋಸಿ, 'ಲಾಗಿನ್ ಟೈಪ್' ನೋಡಿ. 4 ಇದ್ದರೆ ಶೆಡ್ಯೂಲ್ ಮಾಡಿದ ಕೆಲಸ, 5 ಇದ್ದರೆ ಸರ್ವಿಸ್. 3 ಇದ್ದು, ಅವರು ರಜೆಯಲ್ಲಿದ್ದ ದಿನವೂ ಬಂದಿದ್ದರೆ ಯಾವುದೋ ಪ್ರಿಂಟರೋ ಸ್ಕ್ರಿಪ್ಟೋ ಅವರ ಹೆಸರಲ್ಲಿ ಬಾಗಿಲು ತಟ್ಟುತ್ತಿದೆ, ಬಂದ ಐಪಿ ವಿಳಾಸ ಅದರ ಜೊತೆಗೇ ಇರುತ್ತದೆ. ತಿಂಗಳಿಗೊಮ್ಮೆ ಓಡುವ ಕೆಲಸವೂ ಸಿಗಬೇಕಾದರೆ ಕನಿಷ್ಠ 35 ದಿನದ ಲಾಗ್ ಬೇಕು. ಸೆಕ್ಯುರಿಟಿ ಲಾಗಿನ ಗಾತ್ರ ಚಿಕ್ಕದಿದ್ದರೆ ಹಳೆಯದು ಅಳಿಸಿಹೋಗುತ್ತದೆ, ಇವತ್ತೇ ಗಾತ್ರ ಹೆಚ್ಚಿಸಿ.

ಸಿಕ್ಕಿದ್ದನ್ನೆಲ್ಲ ಸರ್ವಿಸ್ ಖಾತೆಗೆ (ವ್ಯಕ್ತಿಗಲ್ಲ, ಪ್ರೋಗ್ರಾಮಿಗೆಂದೇ ಮಾಡಿದ ಖಾತೆ) ವರ್ಗಾಯಿಸಿ. ಆಕ್ಟಿವ್ ಡೈರೆಕ್ಟರಿ (ಕಚೇರಿಯ ಎಲ್ಲ ಖಾತೆ, ಯಂತ್ರಗಳ ಕೇಂದ್ರ ದಾಖಲೆ) ಇದ್ದರೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಒಳ್ಳೆಯದು. ವಿಂಡೋಸ್ ಸರ್ವರ್ 2012ರಿಂದ ಇದೆ, ಪಾಸ್‌ವರ್ಡನ್ನು ಮಾಮೂಲಿಯಾಗಿ 30 ದಿನಕ್ಕೊಮ್ಮೆ ತಾನೇ ಬದಲಿಸಿಕೊಳ್ಳುತ್ತದೆ. ಮನುಷ್ಯರಿಗೆ ಗೊತ್ತಿರದ ಪಾಸ್‌ವರ್ಡ್ ಯಾರು ಹೋದರೂ ಹೋಗುವುದಿಲ್ಲ.

ಆಮೇಲೆ ಒಂದು ತಾಲೀಮು. ಅವರು ಇನ್ನೂ ಇರುವಾಗಲೇ, 3ನೇ ವಾರದ ಒಂದು ದಿನ, ಅವರ ಒಪ್ಪಿಗೆ ಪಡೆದು ಖಾತೆಯನ್ನು ಇಡೀ ದಿನ ನಿಷ್ಕ್ರಿಯ ಮಾಡಿ, ಎರಡೂ ಸರ್ವರನ್ನು ಒಂದರ ನಂತರ ಒಂದು ರೀಸ್ಟಾರ್ಟ್ ಮಾಡಿ. ಏನು ಬೀಳಬೇಕೋ ಅದು ಅವರ ಕಣ್ಣೆದುರೇ ಬೀಳಲಿ. ಹೀಗೆ ಮಾಡಿದಾಗ ಅವರೂ ನೆಮ್ಮದಿಯಿಂದ ಹೊರಡುತ್ತಾರೆ. ಕೆಲಸವನ್ನು ಪ್ರೀತಿಸಿದವರಿಗೆ, ತಾವು ಹೋದ ಮೇಲೆ ಏನೋ ಕುಸಿಯಬಹುದು ಅನ್ನುವ ಚಿಂತೆ ಚಿಕ್ಕದಲ್ಲ.

ಗಂಟೆಮೌನ

ಇದಕ್ಕೆ ಹೊಂದಿದ್ದೇ ಇನ್ನೊಂದು: ಎಚ್ಚರಿಕೆಯ ಮೇಲ್‌ಗಳು. ರೇಯ್ಡ್‌ನಲ್ಲಿ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಿದ ಏರ್ಪಾಡು) ಒಂದು ಡಿಸ್ಕ್ ಹೋಯಿತು, ಬ್ಯಾಕಪ್ ಅರ್ಧಕ್ಕೆ ನಿಂತಿತು, ಯುಪಿಎಸ್ ಬ್ಯಾಟರಿ ದುರ್ಬಲ, ಡಿಸ್ಕಿನಲ್ಲಿ ಜಾಗ ಶೇಕಡಾ 10ಕ್ಕೆ ಇಳಿಯಿತು, ಇವೆಲ್ಲ ಬರುತ್ತಿದ್ದುದು ಅವರೊಬ್ಬರ ಮೇಲ್‌ಗೆ. ಅವರು ಬೆಳಿಗ್ಗೆ ಬಂದು ಓದಿ, ಯಾರಿಗೂ ಹೇಳದೆ ಡಿಸ್ಕ್ ಬದಲಿಸಿ ಕೂರುತ್ತಿದ್ದರು. ಮೇಲ್‌ಬಾಕ್ಸ್ ಮುಚ್ಚಿದ ದಿನದಿಂದ ಆ ಮಾತುಗಳನ್ನು ಕೇಳುವವರಿಲ್ಲ. ರೇಯ್ಡ್ 5ರಲ್ಲಿ ಮೊದಲ ಡಿಸ್ಕ್ ಸತ್ತಾಗ ಕೆಲಸ ಎಂದಿನಂತೆ ನಡೆಯುತ್ತದೆ, ಎರಡನೆಯದು ಸತ್ತಾಗ ಮಾತ್ರ ಗೊತ್ತಾಗುತ್ತದೆ. ಆಗ ಡೇಟಾ ಇರುವುದಿಲ್ಲ.

ಪ್ರತಿ ಸಾಧನದಲ್ಲೂ ಸ್ವೀಕರಿಸುವ ವಿಳಾಸವನ್ನು ತಂಡದ ಮೇಲ್‌ಬಾಕ್ಸಿಗೆ ಬದಲಿಸಿ, 'ಟೆಸ್ಟ್ ಮೇಲ್' ಗುಂಡಿ ಒತ್ತಿ, ಬಂದು ತಲುಪಿದ್ದನ್ನು ನೋಡಿ. ಬದಲಿಸಿದ್ದೇವೆ ಎಂದರೆ ಸಾಲದು. ಕಳಿಸುವ ವಿಳಾಸ, ಅದರ ಪಾಸ್‌ವರ್ಡ್ ಕೂಡ ಅವರದ್ದೇ ಆಗಿರಬಹುದು.

ಅವರ ಸ್ವಂತ ಮೇಲ್‌ಬಾಕ್ಸನ್ನು ಅಳಿಸಬೇಡಿ. ಮೈಕ್ರೋಸಾಫ್ಟ್ 365 ಇದ್ದರೆ ಲೈಸೆನ್ಸ್ ತೆಗೆಯುವ ಮೊದಲು ಶೇರ್ಡ್ ಮೇಲ್‌ಬಾಕ್ಸಾಗಿ (ಹಲವರು ತೆರೆಯಬಹುದಾದದ್ದು) ಪರಿವರ್ತಿಸಿ. 50 ಜಿಬಿವರೆಗೆ ಬೇರೆ ಲೈಸೆನ್ಸ್ ಬೇಕಿಲ್ಲ. ಕ್ರಮ ತಿರುವುಮುರುವಾಗಿ ಖಾತೆಯನ್ನೇ ಅಳಿಸಿಬಿಟ್ಟರೆ ಹಿಂದಕ್ಕೆ ಪಡೆಯಲು 30 ದಿನ ಅಷ್ಟೇ. ಮತ್ತೆ, ಅವರೇ ಕರೆದಿರುವ ವಾರದ ಮೀಟಿಂಗುಗಳನ್ನು ಅವರ ಕೈಯಿಂದಲೇ ರದ್ದು ಮಾಡಿಸಿ ಹೊಸಬರಿಂದ ಕರೆಸಿ. ಇಲ್ಲದಿದ್ದರೆ ಎಲ್ಲರ ಕ್ಯಾಲೆಂಡರಿನಲ್ಲೂ ಯಜಮಾನರಿಲ್ಲದ ಮೀಟಿಂಗ್ ಉಳಿದುಬಿಡುತ್ತದೆ.

ನವೀಕರಣ

ಹೊರಗಿನ ಖಾತೆಗಳ ಬಗ್ಗೆ ಯಾರೂ ಹೇಳಿಲ್ಲ. ಡೊಮೇನ್ ಹೆಸರು (ಕಚೇರಿಯ ಅಂತರ್ಜಾಲ ವಿಳಾಸ) ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ? ಹೊರಡುವವರ ಕಚೇರಿ ಇಮೇಲ್ ಆಗಿದ್ದು ಅದು ಅದೇ ಡೊಮೇನಿನಲ್ಲಿದ್ದರೆ ಎರಡು ಪಟ್ಟು ಅಪಾಯ. ಡೊಮೇನ್ ಅವಧಿ ಮುಗಿದರೆ ಮೇಲ್ ನಿಲ್ಲುತ್ತದೆ, ಮೇಲ್ ನಿಂತರೆ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದಿಲ್ಲ. ಡಾಟ್ ಕಾಮ್‌ನಂಥ ಹೆಸರು ಅವಧಿ ಮುಗಿದು ಅಳಿಸಲ್ಪಟ್ಟ ಮೇಲೆ ಹಿಂಪಡೆಯಲು 30 ದಿನದ ಅವಕಾಶ ಇದೆ, ಆದರೆ ಅದಕ್ಕೆ ಬೇರೆ ಶುಲ್ಕ. ನೋಂದಣಿ ಖಾತೆಯನ್ನು ತಂಡದ ವಿಳಾಸಕ್ಕೆ ಬದಲಿಸಿ, ಸ್ವಯಂ ನವೀಕರಣ ಹಾಕಿ, ಅದಕ್ಕೆ ಜೋಡಿಸಿದ ಕಾರ್ಡಿನ ಅವಧಿಯನ್ನೂ ನೋಡಿ.

ಟಿಎಲ್‌ಎಸ್ ಪ್ರಮಾಣಪತ್ರಗಳನ್ನು (ವೆಬ್‌ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಸುವವು) 'ವರ್ಷಕ್ಕೊಮ್ಮೆ ಅವರು ಹಾಕ್ತಾರೆ' ಅನ್ನುವ ಕಾಲ ಮುಗಿಯಿತು. 398 ದಿನ ಇದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರಲ್ಲಿ 100ಕ್ಕೆ, 2029ರಲ್ಲಿ 47ಕ್ಕೆ ಎಂದು ನಿಗದಿಯಾಗಿದೆ. ಕೈಯಿಂದ ಹಾಕುತ್ತಿದ್ದರೆ ಹಸ್ತಾಂತರದ ನೆಪದಲ್ಲೇ ಸ್ವಯಂಚಾಲಿತ ಮಾಡಿಸಿ. ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುತ್ತಿದ್ದರೆ, ಅವಧಿ ಮುಗಿಯುವ ಮುನ್ನೆಚ್ಚರಿಕೆಯ ಮೇಲ್ ಕಳಿಸುವುದನ್ನು ಆ ಸಂಸ್ಥೆ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಗಮನಿಸುವ ಏರ್ಪಾಡು ನಿಮ್ಮದೇ ಇರಬೇಕು.

ಕಚೇರಿಯಿಂದ ಐಫೋನ್, ಐಪ್ಯಾಡ್ ಕೊಟ್ಟು ನಿರ್ವಹಿಸುತ್ತಿದ್ದರೆ ಇದನ್ನು ದಪ್ಪಕ್ಷರದಲ್ಲಿ ಬರೆದಿಡಿ: ಆಪಲ್ ಪುಶ್ ಪ್ರಮಾಣಪತ್ರ (ಆ ಸಾಧನಗಳನ್ನು ದೂರದಿಂದ ನಿರ್ವಹಿಸಲು ಬೇಕಾದದ್ದು) 1 ವರ್ಷಕ್ಕೆ ಮುಗಿಯುತ್ತದೆ, ಅದನ್ನು ಮೊದಲು ಮಾಡಿಸಿದ ಅದೇ ಆಪಲ್ ಖಾತೆಯಿಂದಲೇ ನವೀಕರಿಸಬೇಕು. ಬೇರೆ ಖಾತೆಯಿಂದ ಹೊಸದು ಮಾಡಿದರೆ ಪ್ರತಿಯೊಂದು ಸಾಧನವನ್ನೂ ಮತ್ತೆ ಮೊದಲಿಂದ ಸೇರಿಸಬೇಕು. ಆ ಆಪಲ್ ಖಾತೆ ಹೊರಡುವವರ ಸ್ವಂತದ್ದಾಗಿದ್ದರೆ, ಅದನ್ನು ಬಗೆಹರಿಸುವ ದಾರಿ ಅವರು ಇರುವಾಗ ಸುಲಭ, ಹೋದ ಮೇಲೆ ದುರ್ಗಮ.

ಆರಂಕಿ

ಎರಡು ಹಂತದ ಲಾಗಿನ್‌ಗಳಲ್ಲೂ ಇದೇ ಕಥೆ. 30 ಸೆಕೆಂಡಿಗೊಮ್ಮೆ ಬದಲಾಗುವ ಆ 6 ಅಂಕಿ ಬರುತ್ತಿರುವುದು ಅವರ ಜೇಬಿನ ಫೋನಿಗೆ. ಪಾಸ್‌ವರ್ಡ್ ಪಟ್ಟಿಯನ್ನು ಶಿಸ್ತಿನಿಂದ ಕೊಟ್ಟು ಹೋದರೂ ಒಳಗೆ ಹೋಗಲಾಗುವುದಿಲ್ಲ. ಒಂದೊಂದು ಖಾತೆಗೂ ಹೀಗೆ ಮಾಡಿ: ಹೊಸಬರ ಫೋನನ್ನೋ ಭದ್ರತಾ ಕೀಯನ್ನೋ ಮೊದಲು ಸೇರಿಸಿ, ಅದರಿಂದ ಲಾಗಿನ್ ಆಗಿ ತೋರಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ, ಕೊನೆಗೆ ಮರುಪಡೆ ಸಂಕೇತಗಳನ್ನು ಹೊಸದಾಗಿ ಸೃಷ್ಟಿಸಿ. ಹಳೆಯ ಸಂಕೇತಗಳು ಅವರ ಬಳಿ ಮುದ್ರಿತವಾಗಿ ಇರಬಹುದು, ಹೊಸದು ಮಾಡಿದರೆ ಅವು ರದ್ದಾಗುತ್ತವೆ.

ಇವುಗಳ ಹೊರತಾಗಿ 2 ತುರ್ತು ನಿರ್ವಾಹಕ ಖಾತೆ ಇರಲಿ, ಯಾರ ಹೆಸರಲ್ಲೂ ಅಲ್ಲ. ಉದ್ದನೆಯ ಪಾಸ್‌ವರ್ಡ್, ಪ್ರತ್ಯೇಕ ಭದ್ರತಾ ಕೀ, ಮೊಹರು ಹಾಕಿದ ಎರಡು ಲಕೋಟೆ, ಎರಡು ಬೇರೆ ಬೇರೆ ಬೀಗದ ಜಾಗ. ಬಳಸಿದರೆ ಎಲ್ಲರಿಗೂ ಎಚ್ಚರಿಕೆ ಹೋಗುವ ಹಾಗೆ ಇಡಿ.

ಬಿಟ್‌ಲಾಕರ್ (ವಿಂಡೋಸ್‌ನಲ್ಲಿ ಡಿಸ್ಕಿಗೆ ಹಾಕುವ ಗೂಢಲಿಪಿ ಬೀಗ) ಮರುಪಡೆ ಕೀ 48 ಅಂಕಿಯದ್ದು. 80 ಯಂತ್ರದ ಕೀಗಳೂ ಡೈರೆಕ್ಟರಿಯಲ್ಲಿ ಇವೆಯೋ, ಕೆಲವು ಅವರ ಯುಎಸ್‌ಬಿ ಡ್ರೈವಿನಲ್ಲಿವೆಯೋ ಎಂದು ಎಣಿಸಿ ನೋಡಿ. ಮದರ್‌ಬೋರ್ಡ್ ಬದಲಿಸಿದ ದಿನ ಆ 48 ಅಂಕಿ ಇಲ್ಲದಿದ್ದರೆ ಡಿಸ್ಕಿನಲ್ಲಿದ್ದದ್ದು ಇಲ್ಲವಾದಂತೆಯೇ. ಬ್ಯಾಕಪ್ಪಿಗೆ ಹಾಕಿದ ಗೂಢಲಿಪೀಕರಣದ ಪಾಸ್‌ವರ್ಡೂ ಇದೇ ಸಾಲಿಗೆ ಸೇರುತ್ತದೆ.

ಮರುಸ್ಥಾಪನೆ

ಬ್ಯಾಕಪ್ ಮಾತು ಬಂತು. '3-2-1 ಇದೆ' ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. 3 ಪ್ರತಿ, 2 ಬಗೆಯ ಮಾಧ್ಯಮ, 1 ಪ್ರತಿ ಹೊರಗೆ ಎನ್ನುವುದು ಸರಿಯಾದ ನಿಯಮವೇ. ಆದರೆ ಆ ಪ್ರತಿಯಿಂದ ಡೇಟಾ ಹೊಸಬರ ಕೈಯಲ್ಲಿ ಮರಳಿ ಬರಬೇಕು. 3ನೇ ವಾರದಲ್ಲಿ ಮೂರು ಪರೀಕ್ಷೆ ಮಾಡಿಸಿ: ಅಳಿಸಿದ ಒಂದು ಫೈಲು, ಒಂದು ಡೇಟಾಬೇಸು, ಒಂದು ಇಡೀ ಸರ್ವರು. ಸರ್ವರನ್ನು ಬೇರ್ಪಡಿಸಿದ ನೆಟ್‌ವರ್ಕಿನಲ್ಲೇ ಎಬ್ಬಿಸಿ. ಮಾಮೂಲಿ ನೆಟ್‌ವರ್ಕಿನಲ್ಲಿ ಎಬ್ಬಿಸಿದರೆ ಒಂದೇ ಹೆಸರು, ಒಂದೇ ಐಪಿಯ ಇಬ್ಬರು ಎದುರುಬದುರಾಗುತ್ತಾರೆ. ಅದು ಡೊಮೇನ್ ಕಂಟ್ರೋಲರ್ (ಕಚೇರಿಯ ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್) ಆಗಿದ್ದರೆ ಹಾನಿ ದೊಡ್ಡದು. ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಬರೆಯಿರಿ, ಏಕೆಂದರೆ ನಿಜವಾದ ಅವಘಡದ ದಿನ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದು.

ಪ್ಯಾಚ್‌ಪ್ಯಾನೆಲ್

ಯಂತ್ರಗಳ ಬಗ್ಗೆ ಚುಟುಕಾಗಿ. ರ‍್ಯಾಕಿನ ಮುಂದೆ, ಹಿಂದೆ ಫೋಟೋ. ಕೇಬಲ್ಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ. ನೆಟ್‌ವರ್ಕ್ ಸ್ವಿಚ್, ಫೈರ್‌ವಾಲ್ ಪ್ರತಿಯೊಂದರ ಕಾನ್ಫಿಗರೇಶನ್ನಿನ ಪ್ರತಿ ತೆಗೆದಿಡಿ. ಅದಕ್ಕೆ ಮೊದಲು ಓಡುತ್ತಿರುವ ಕಾನ್ಫಿಗರೇಶನ್ನನ್ನು ಸೇವ್ ಮಾಡಿಸಿ. ಹಲವು ಸ್ವಿಚ್ಚುಗಳಲ್ಲಿ ಬದಲಾವಣೆ ತಕ್ಷಣ ಜಾರಿಗೆ ಬರುತ್ತದೆ, ಆದರೆ ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ಹಳೆಯದಕ್ಕೆ ಮರಳುತ್ತದೆ. ಯುಪಿಎಸ್ಸಿನ ಸೀಸ-ಆಮ್ಲ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ, ಹಾಕಿದ ತಿಂಗಳನ್ನು ಪೆಟ್ಟಿಗೆಯ ಮೇಲೇ ಬರೆಸಿ. ರೇಯ್ಡಿಗೆ ಹೊಂದುವ ಹೆಚ್ಚುವರಿ ಡಿಸ್ಕ್ ಯಾವ ಕಪಾಟಿನಲ್ಲಿದೆ? ಈ ಒಂದು ಸಾಲು ಒಂದು ರಾತ್ರಿಯನ್ನು ಉಳಿಸುತ್ತದೆ.

ಅಕ್ಷರಮಾಲೆ

ಇಲಿಬಾಲ ಅವರ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಅದು ಹಿಂದೆ ಬಿದ್ದಿದೆ.

ಬೀಳ್ಕೊಡುಗೆಯ ಕಾರ್ಡಿನಲ್ಲಿ 'ನಿಮ್ಮ ಸಹಾಯಕ್ಕೆ ಧನ್ಯವಾದ, ಶುಭವಾಗಲಿ' ಎಂದು 40 ಜನ ಬರೆದರೆ ಅವರು ಮನೆಗೆ ಹೋಗಿ ಓದುವುದು ಒಂದೇ ಸಾಲನ್ನು 40 ಸಲ. ಪ್ರತಿ ವಿಭಾಗಕ್ಕೂ 10 ದಿನ ಮೊದಲೇ ಒಂದೇ ಪ್ರಶ್ನೆ ಕಳಿಸಿ: 'ಅವರು ಸರಿಮಾಡಿದ್ದರಿಂದ ನಿಮ್ಮ ಯಾವ ಕೆಲಸ ನಿಲ್ಲದೆ ನಡೆಯಿತು? ಯಾವ ಯಂತ್ರ, ಯಾವ ಸಮಸ್ಯೆ, ಯಾವ ಹೊತ್ತು?' ಮೂರು ಸಾಲು ಸಾಕು. ಲೆಕ್ಕ ವಿಭಾಗದವರು 'ವರ್ಷಾಂತ್ಯದ ಹಿಂದಿನ ಸಂಜೆ ತೆರೆಯದೇ ಹೋದ ಸ್ಪ್ರೆಡ್‌ಶೀಟನ್ನು ಹಿಂದಿನ ಆವೃತ್ತಿಯಿಂದ ತೆಗೆದುಕೊಟ್ಟಿರಿ' ಎಂದು ಬರೆದರೆ, ಆ ಸಂಜೆ ಯಾರಿಗೋ ನೆನಪಿದೆ ಎಂದು ಅವರಿಗೆ ತಿಳಿಯುತ್ತದೆ. ಬಹುಶಃ ಅವರೇ ಮರೆತಿರುತ್ತಾರೆ.

ಕಣ್ಣಿಗೆ ಕಾಣದ ಕೆಲಸವನ್ನು ಕಾಣಿಸಲು ಟಿಕೆಟ್ ವ್ಯವಸ್ಥೆಯನ್ನೇ ಕೇಳಬಹುದು. ಒಟ್ಟು ಮುಗಿಸಿದ ಟಿಕೆಟ್ ಎಷ್ಟು, ಕಚೇರಿ ಸಮಯದ ಹೊರಗೆ ಮುಗಿಸಿದ್ದೆಷ್ಟು, ಮೊದಲ ಟಿಕೆಟ್ಟಿನ ವಿಷಯ ಏನಿತ್ತು, ಎಷ್ಟು ಯಂತ್ರಗಳನ್ನು ಹೊಸ ಆವೃತ್ತಿಗೆ ಒಯ್ದರು, ಸರ್ವರ್ ಬದಲಾದ ವಾರಾಂತ್ಯ ಯಾವುದು. ಒಂದು ಪುಟಕ್ಕಿಂತ ಹೆಚ್ಚು ಬೇಡ. ಒಂದು ಎಚ್ಚರ: ಟಿಕೆಟ್ ಇಲ್ಲದ ಕೆಲಸವೇ ಇಂಥವರ ಬದುಕಿನಲ್ಲಿ ಹೆಚ್ಚು. ಕಾರಿಡಾರಿನಲ್ಲಿ ತಡೆದು ಕೇಳಿದ್ದು, ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಎಲ್ಲ ಸಿದ್ಧವಾಗಿರುವಂತೆ ನೋಡಿಕೊಂಡದ್ದು, ಇವು ಅಂಕಿಯಲ್ಲಿ ಬರುವುದಿಲ್ಲ. ಅಂಕಿಯನ್ನೇ ಪೂರ್ತಿ ಅಳತೆ ಎಂದು ಓದಬೇಡಿ.

ಲಕೋಟೆ

ಉಡುಗೊರೆ ಬಗ್ಗೆ. ತಂತ್ರಜ್ಞರು ಎಂದ ಕೂಡಲೇ ಸ್ಕ್ರೂಡ್ರೈವರ್ ಸೆಟ್, ಯುಎಸ್‌ಬಿ ಡ್ರೈವ್ ಹೊಳೆಯುತ್ತದೆ. ಅವರ ಬಳಿ ಇರುವುದು ನಿಮ್ಮ ಆಯ್ಕೆಗಿಂತ ಉತ್ತಮವಾಗಿಯೇ ಇರುತ್ತದೆ. ಕೆಲಸದ ಆಚೆ ಅವರಿಗೆ ಏನು ಇಷ್ಟ ಎಂದು ಹತ್ತಿರದವರೊಬ್ಬರನ್ನು ಕೇಳಿ. ಹಣ ಕೂಡಿಸುವಾಗ ಒಂದೇ ಲಕೋಟೆ, ಹೆಸರಿನ ಎದುರು ಮೊತ್ತ ಬೇಡ.

ಸರ್ವರ್‌ಕೋಣೆ

ಇದಕ್ಕೆ ಅರ್ಧ ಒಪ್ಪುತ್ತೇನೆ. ಒಳ್ಳೆಯ ಉಪಕರಣವನ್ನು ಸ್ವಂತ ಹಣದಲ್ಲಿ ಕೊಳ್ಳದೆ ಕಚೇರಿಯದ್ದರಲ್ಲೇ ವರ್ಷಗಟ್ಟಲೆ ದುಡಿದವರೂ ಇದ್ದಾರೆ. ಹೊರಡುವಾಗ ಆ ಚೀಲವನ್ನು ವಾಪಸ್ ಕೊಡಬೇಕು. ಅವರ ಕೈಗೆ ಒಗ್ಗಿದ ಕ್ರಿಂಪಿಂಗ್ ಉಪಕರಣವನ್ನೋ ಕೇಬಲ್ ಪರೀಕ್ಷಕವನ್ನೋ ಆಸ್ತಿ ಪಟ್ಟಿಯಿಂದ ಕ್ರಮಬದ್ಧವಾಗಿ ತೆಗೆದು ಅವರಿಗೇ ಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಕಡಿಮೆ. ಲಿಖಿತ ಅನುಮತಿ ಇರಲಿ, ಇಲ್ಲದಿದ್ದರೆ ಮುಂದೆ ಅವರ ಮೇಲೆ ಮಾತು ಬರುತ್ತದೆ.

ಕ್ಯಾಮೆರಾಕಣ್ಣು

ಫೋಟೋ ತೆಗೆಯುವವರು ಗಮನಿಸಿ. ಸರ್ವರ್ ರ‍್ಯಾಕಿನ ಎದುರು, ಅವರ ಮೇಜಿನ ಎದುರು ನಿಲ್ಲಿಸಿ ತೆಗೆದ ಚಿತ್ರ ಎಲ್ಲರಿಗೂ ಇಷ್ಟವಾಗುತ್ತದೆ, ಆಮೇಲೆ ಹೊರಗೆ ಹಂಚಲ್ಪಡುತ್ತದೆ. ಹಿಂದಿನ ಬಿಳಿಹಲಗೆಯ ಮೇಲೆ ಐಪಿ ವಿಳಾಸ, ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ ವೈಫೈ ಪಾಸ್‌ವರ್ಡ್, ಕೊರಳ ಪಟ್ಟಿಯ ಕಾರ್ಡಿನ ಬಾರ್‌ಕೋಡ್, ಫೈರ್‌ವಾಲಿನ ಮಾದರಿ ಸಂಖ್ಯೆ ಎಲ್ಲವೂ ಈಗಿನ ಫೋನ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಓದಲು ಬರುತ್ತವೆ. ಫೋಟೋಗೆ ಮೊದಲು ಹಲಗೆ ಒರೆಸಿ, ಪರದೆ ಲಾಕ್ ಮಾಡಿ, ಕಾರ್ಡನ್ನು ಜೇಬಿಗೆ ಹಾಕಲು ಹೇಳಿ. ಅವರೇ ಹೇಳಿಕೊಟ್ಟ ಪಾಠವನ್ನು ಅವರ ಬೀಳ್ಕೊಡುಗೆಯ ದಿನವೇ ಮರೆಯಬಾರದು.

ಕೊನೆಗಂಟೆ

ಖಾತೆ ಮುಚ್ಚುವ ಹೊತ್ತು ಯಾವುದು ಎಂದು ಯಾರೂ ಹೇಳಿಲ್ಲ. ಹಲವು ಕಡೆ ಕೊನೆಯ ದಿನ ಬೆಳಿಗ್ಗೆಯೇ ಮುಚ್ಚಿಬಿಡುತ್ತಾರೆ. ನಿರ್ವಾಹಕ ಅಧಿಕಾರ ಇರುವವರ ವಿಷಯದಲ್ಲಿ ಅದೇ ಸುರಕ್ಷಿತ.

ಆರಂಕಿ

ಇಲ್ಲಿ ಎರಡನ್ನು ಬೇರೆ ಮಾಡಬೇಕು. ನಿರ್ವಾಹಕ ಅಧಿಕಾರವನ್ನು 4ನೇ ವಾರದ ಮೊದಲ ದಿನವೇ, ಅವರ ಜೊತೆ ಕೂತು, ಅವರ ಕೈಯಿಂದಲೇ ತೆಗೆಸಿ. ಕೆಲಸ ಹೊಸಬರದ್ದಾದ ಮೇಲೆ ಅವರಿಗೂ ಅದು ಬೇಡ. ಸಾಮಾನ್ಯ ಖಾತೆ, ಅಂದರೆ ಮೇಲ್ ಮತ್ತು ಕ್ಯಾಲೆಂಡರ್, ಕೊನೆಯ ದಿನ ಅವರು ಹೊರಟ ಮೇಲೆ ಮುಚ್ಚಲಿ. ಎಲ್ಲರಿಗೂ ವಿದಾಯದ ಮೇಲ್ ಬರೆಯಲು ಕೂತಾಗ 'ನಿಮ್ಮ ಪಾಸ್‌ವರ್ಡ್ ತಪ್ಪು' ಎಂದು ಬರುವುದು ಒಳ್ಳೆಯ ಕೆಲಸಗಾರರಿಗೆ ಆಗಬಾರದ ನೋವು. ತಾವೇ ನೂರಾರು ಜನರ ಖಾತೆ ತೆರೆದು ಮುಚ್ಚಿದವರು ಅವರು, ಅದರ ಅರ್ಥ ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಮುಚ್ಚಿದ ಮೇಲೆ 'ಇಂಥ ದಿನ, ಇಷ್ಟು ಗಂಟೆಗೆ ನಿಮ್ಮ ಎಲ್ಲ ಪ್ರವೇಶಾಧಿಕಾರ ಹಿಂಪಡೆದಿದ್ದೇವೆ, ಹಂಚಿಕೊಂಡ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದ್ದೇವೆ' ಎಂದು ಬರಹದಲ್ಲಿ ಕೊಡಿ. ಇದು ಅನುಮಾನವಲ್ಲ, ಅವರಿಗೆ ರಕ್ಷಣೆ. ತಿಂಗಳ ನಂತರ ಏನಾದರೂ ಅಚಾತುರ್ಯವಾದರೆ ಅವರ ಹೆಸರು ನಡುವೆ ಬರುವುದಿಲ್ಲ.

ಬದಲಿಸಬೇಕಾದವು: ವೈಫೈ (ಪ್ರಿಂಟರು, ಮೀಟಿಂಗ್ ಕೋಣೆಯ ಟಿವಿಗಳಲ್ಲೂ ಹೊಸದು ಹಾಕಬೇಕಾದ್ದರಿಂದ ಬಿಡುವಿನ ದಿನ ಆರಿಸಿ), ಸ್ವಿಚ್, ಫೈರ್‌ವಾಲ್, ಸಿಸಿಟಿವಿ, ಪ್ರಿಂಟರಿನ ನಿರ್ವಾಹಕ ಪಾಸ್‌ವರ್ಡ್, ಪ್ರತಿ ಯಂತ್ರದ ಲೋಕಲ್ ಅಡ್ಮಿನ್, ಡೊಮೇನ್ ಕಂಟ್ರೋಲರಿನ ಡೈರೆಕ್ಟರಿ ಮರುಸ್ಥಾಪನಾ ಪಾಸ್‌ವರ್ಡ್. ಡೊಮೇನ್ ಅಡ್ಮಿನ್ ಆಗಿದ್ದವರು ಹೊರಟಾಗ ಕೆಆರ್‌ಬಿಟಿಜಿಟಿ ಖಾತೆಯ (ಡೊಮೇನಿನ ಲಾಗಿನ್ ಟಿಕೆಟ್ಟುಗಳಿಗೆ ಮುದ್ರೆ ಒತ್ತುವ ಖಾತೆ) ಪಾಸ್‌ವರ್ಡನ್ನೂ ಎರಡು ಸಲ ಬದಲಿಸುವುದು ಒಳ್ಳೆಯದು, ನಡುವೆ ಕನಿಷ್ಠ 10 ಗಂಟೆ ಬಿಟ್ಟು. ಕರ್ಬರೋಸ್ ಟಿಕೆಟ್ಟಿನ (ಲಾಗಿನ್ ಆದವರಿಗೆ ಸಿಗುವ ತಾತ್ಕಾಲಿಕ ಗುರುತು, ದೂರಿನ ಟಿಕೆಟ್ ಅಲ್ಲ) ಮಾಮೂಲಿ ಆಯುಷ್ಯ 10 ಗಂಟೆ. ಅವಸರದಲ್ಲಿ ಒಂದರ ಹಿಂದೆ ಒಂದು ಬದಲಿಸಿದರೆ ಕೈಯಲ್ಲಿರುವ ಟಿಕೆಟ್ಟುಗಳೆಲ್ಲ ಒಮ್ಮೆಗೇ ಅಮಾನ್ಯವಾಗಿ ಎಲ್ಲರ ಕೆಲಸ ನಿಲ್ಲುತ್ತದೆ.

ಕೊನೆಗಂಟೆ

ಒಪ್ಪಿದೆ. ಅಧಿಕಾರ ಬೇರೆ, ಖಾತೆ ಬೇರೆ ಎಂದು ನೋಡಿದರೆ ಬೆಳಿಗ್ಗೆಯೇ ಮುಚ್ಚುವ ಅಗತ್ಯ ಉಳಿಯುವುದಿಲ್ಲ.

ಅಕ್ಷರಮಾಲೆ

ಶಿಫಾರಸು ಪತ್ರವನ್ನು ಕೊನೆಯ ದಿನಕ್ಕೆ ಬಿಡಬೇಡಿ, ಉಡುಗೊರೆಗಿಂತ ಅದು ಹೆಚ್ಚು ದಿನ ಬಾಳುತ್ತದೆ. 'ಶ್ರಮಜೀವಿ, ಪ್ರಾಮಾಣಿಕ' ಎಂಬ ಎರಡು ಪದಕ್ಕಿಂತ ಇಂಥ ಸಾಲು ಬೇಕು: 80 ಬಳಕೆದಾರರಿಗೆ ಒಬ್ಬರೇ ಬೆಂಬಲ, ಮೇಲ್ ವ್ಯವಸ್ಥೆಯನ್ನು ಕೆಲಸದ ಸಮಯದಲ್ಲಿ ಅಡಚಣೆಯಿಲ್ಲದೆ ಸ್ಥಳಾಂತರಿಸಿದರು, ಬ್ಯಾಕಪ್ ಮರುಸ್ಥಾಪನೆಯನ್ನು ನಿಯಮಿತವಾಗಿ ಪರೀಕ್ಷಿಸಿದರು, ತಾಂತ್ರಿಕ ವಿಷಯವನ್ನು ತಾಂತ್ರಿಕರಲ್ಲದವರಿಗೆ ತಾಳ್ಮೆಯಿಂದ ತಿಳಿಸುತ್ತಿದ್ದರು. ಯಾವ ಕಂಪನಿಯ ಫೈರ್‌ವಾಲ್, ಯಾವ ಆವೃತ್ತಿ ಎಂಬುದು ಆ ಪತ್ರದಲ್ಲಿ ಬೇಡ. ಸಹಿ ಮಾಡುವವರು ಅವರ ಕೆಲಸ ನೇರವಾಗಿ ಕಂಡವರಾಗಿರಲಿ, ಮುಂದೆ ಯಾರಾದರೂ ವಿಚಾರಿಸಿದರೆ ಉತ್ತರ ಹೇಳಬೇಕಾದವರು ಅವರೇ.

ಗಂಟೆಮೌನ

ಹೋದ ಮೇಲಿನ ಮೊದಲ ತಿಂಗಳು. ವಂಚಕರು ಹುಡುಕುವುದು ಇಂಥ ಸಮಯವನ್ನೇ. 'ನಾನು ಹೊಸ ಸಪೋರ್ಟ್, ನಿಮ್ಮ ಪರದೆಯ 6 ಅಂಕಿ ಹೇಳಿ' ಎಂದು ಫೋನ್ ಬಂದರೆ ಜನ ನಂಬುತ್ತಾರೆ, ಏಕೆಂದರೆ ಹಳಬರ ಧ್ವನಿ ಮಾತ್ರ ಪರಿಚಿತ. ಹಾಗಾಗಿ ವಿದಾಯದ ಸುದ್ದಿ ಹೊರಗೆ ಹೋಗುವ ಮೊದಲೇ ಹೊಸಬರನ್ನು ಹೊರಡುವವರೇ ಪ್ರತಿ ವಿಭಾಗಕ್ಕೂ ಕರೆದೊಯ್ದು ಮುಖ ತೋರಿಸಿ ಪರಿಚಯಿಸಲಿ. 80 ಜನಕ್ಕೆ ಅರ್ಧ ದಿನ ಸಾಕು. ಪಾಸ್‌ವರ್ಡನ್ನೂ ಆ ಅಂಕಿಯನ್ನೂ ಸಪೋರ್ಟ್ ಎಂದಿಗೂ ಕೇಳುವುದಿಲ್ಲ ಎಂದು ಅವರ ಬಾಯಿಂದಲೇ ಹೇಳಿಸಿ, ಜನ ಕೇಳುವುದು ಅವರ ಮಾತನ್ನೇ.

ಇನ್ನು ಅವರ ವೈಯಕ್ತಿಕ ಫೋನ್. ಹೋದ ಮೇಲೂ ಕರೆ ಮಾಡುವುದು ನಿಲ್ಲುವುದಿಲ್ಲ, ಒಳ್ಳೆಯವರು ಇಲ್ಲ ಎನ್ನಲಾರರು. ಮೊದಲೇ ಒಪ್ಪಂದ ಇರಲಿ: 30 ದಿನ, ಹೊಸಬರೊಬ್ಬರೇ, ಬರಹದಲ್ಲಿ ಮಾತ್ರ, ವಾರಕ್ಕೊಮ್ಮೆ ಕೂಡಿಸಿದ ಪ್ರಶ್ನೆ. ಅದಕ್ಕೂ ಮೀರಿದ್ದಕ್ಕೆ ಸಂಭಾವನೆ, ಅವರ ಹೊಸ ಕೆಲಸದ ಕರಾರು ಅನುಮತಿಸಿದರೆ. ಉಳಿದ 79 ಮಂದಿಗೆ ಆ ಸಂಖ್ಯೆ ಸ್ನೇಹಕ್ಕೆ, ಪ್ರಿಂಟರಿಗೆ ಅಲ್ಲ ಎಂದು ತಿಳಿಸಿ.

ಲಕೋಟೆ

ನೆನಪಿಡಲು ಇನ್ನೊಂದು ದಿನವೂ ಇದೆ. ಜುಲೈ ತಿಂಗಳ ಕೊನೆಯ ಶುಕ್ರವಾರ ಸಿಸ್ಟಮ್ ಅಡ್ಮಿನಿಸ್ಟ್ರೇಟರುಗಳ ಮೆಚ್ಚುಗೆಯ ದಿನ, 2000ದಲ್ಲಿ ಟೆಡ್ ಕೆಕಾಟೋಸ್ ಆರಂಭಿಸಿದ್ದು. ಹೋದವರಿಗೆ ಆ ದಿನ ಒಂದು ಸಂದೇಶ ಹೋಗಲಿ: 'ಸರ್ವರ್ ಚೆನ್ನಾಗಿದೆ, ನೀವು ಬರೆಸಿದ ಪುಟವನ್ನು ಮೊನ್ನೆಯೂ ತೆರೆದೆವು' ಎಂದು.

ಇಲಿಬಾಲ

ಎಲ್ಲರಿಗೂ ಮನಸಾರೆ ಧನ್ಯವಾದ. ಸೆಕ್ಯುರಿಟಿ ಲಾಗಿನ ಗಾತ್ರ ಹೆಚ್ಚಿಸಲು ಹೇಳಿಯಾಗಿದೆ, ವಿಭಾಗಗಳಿಗೆ ಪ್ರಶ್ನೆ ನಾಳೆ ಹೋಗುತ್ತದೆ. ಉಳಿದದ್ದು ಒಂದು: ಸಮಾರಂಭದಲ್ಲಿ ಬೇರೆ ಊರಿನ ಕಚೇರಿಯವರು ವಿಡಿಯೋ ಕರೆಯಲ್ಲಿ ಸೇರುತ್ತಾರೆ. ಅದರ ಏರ್ಪಾಡನ್ನು ಇಷ್ಟು ದಿನ ಮಾಡುತ್ತಿದ್ದವರೂ ಅವರೇ.

ಪ್ಯಾಚ್‌ಪ್ಯಾನೆಲ್

ಅವತ್ತು ಅವರು ಒಂದು ತಂತಿಯನ್ನೂ ಮುಟ್ಟುವಂತಿರಬಾರದು. ಹಿಂದಿನ ಸಂಜೆ ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪಿನಿಂದ, ಆ ಕಡೆಯ ಒಬ್ಬರನ್ನು ಸೇರಿಸಿಕೊಂಡು 15 ನಿಮಿಷ ಪೂರ್ತಿ ಓಡಿಸಿ ನೋಡಿ. ಲ್ಯಾಪ್‌ಟಾಪಿಗೆ ತಂತಿಯ ನೆಟ್‌ವರ್ಕ್ ಹಾಕಿ, ವೈಫೈ ಮೇಲೆ ಬಿಡಬೇಡಿ. ಕೋಣೆಯಲ್ಲಿ ಒಂದೇ ಮೈಕ್, ಒಂದೇ ಸ್ಪೀಕರ್ ತೆರೆದಿರಲಿ, ಎರಡನೆಯ ಲ್ಯಾಪ್‌ಟಾಪ್ ಕರೆಗೆ ಸೇರಿದರೆ ಪ್ರತಿಧ್ವನಿ ಶುರುವಾಗುತ್ತದೆ. ಎಚ್‌ಡಿಎಂಐ ಕೇಬಲ್ ಇನ್ನೊಂದು, ಯುಎಸ್‌ಬಿ-ಸಿ ಅಡಾಪ್ಟರ್ ಒಂದು, ಮೈಕಿಗೆ ಹೊಸ ಬ್ಯಾಟರಿ. ಲ್ಯಾಪ್‌ಟಾಪಿನ ಅಪ್‌ಡೇಟುಗಳನ್ನು ಹಿಂದಿನ ದಿನವೇ ಮುಗಿಸಿ ರೀಸ್ಟಾರ್ಟ್ ಮಾಡಿಡಿ. ಇದನ್ನೆಲ್ಲ ಹೊಸಬರ ಕೈಗೆ ಕೊಟ್ಟು, ಹೊರಡುವವರಿಗೆ ಮೇಜಿನಿಂದ ದೂರ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ. ಚಿತ್ರ ನಿಂತರೂ ಎದ್ದು ಬರಬೇಡಿ ಎಂದು ಮೊದಲೇ ಹೇಳಿಡಿ, ಏಕೆಂದರೆ ಅವರು ಎದ್ದೇ ಏಳುತ್ತಾರೆ.